ಬಾ.ಮು.

ನೀರಿನ ಮೀಟರ್ ಓದುವುದರಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿಲ್ಲ. ಜಂಬವಲ್ಲ, ಇದ್ದದ್ದು ಇದ್ದ ಹಾಗೆ. ಮೊದಲು ಒಬ್ಬರಿದ್ದರು, ನಮ್ಮಪ್ಪ. ಹೋದ ತಿಂಗಳು ಅವರು ನಿವೃತ್ತರಾದ ಮೇಲೆ ಅವರ ಬೀದಿಗಳು ನನ್ನ ಪಾಲಿಗೆ ಬಂದವು.

ಅದರಲ್ಲಿ ನಮ್ಮ ಏರುಬೀದಿಯೂ ಒಂದು. ತುತ್ತತುದಿಯ ಮನೆ ನಮ್ಮದು. ಒಂಬತ್ತು ವರ್ಷದಿಂದ ನಮ್ಮ ನಲ್ಲಿ ಬರೀ ಗಾಳಿ ಉಗುಳುತ್ತಿದೆ. ಅಮ್ಮ ಮಂಡಿ ಹಿಡಿದುಕೊಂಡು ಕೆಳಗಿನಿಂದ ಕೊಡ ಹೊರುತ್ತಾಳೆ. ಈ ತಿಂಗಳು ಅಂಗಳದ ನಲ್ಲಿಗೆ ನೀರು ಬರಿಸದಿದ್ದರೆ ನನ್ನ ಹೆಸರು ಬದಲಾಯಿಸು ಎಂದು ಅವಳಿಗೆ ಮಾತು ಕೊಟ್ಟೆ.

ಬೀದಿಯ ಬುಡದ ದೊಡ್ಡ ಮೀಟರ್ ನೂರು ಕೊಡ ಹೋಯಿತು ಎಂದರೆ, ಮನೆಗಳ ಬಿಲ್ಲೆಲ್ಲ ಸೇರಿ ಅರವತ್ತು ಎನ್ನುತ್ತಿತ್ತು. "ಕಳ್ಳತನ ಕಣಮ್ಮ," ಎಂದರು ಇಂಜಿನಿಯರ್. ನಾನು ನಂಬಲಿಲ್ಲ. ಅಪ್ಪನ ಹಳೆಯ ಪುಸ್ತಕಗಳನ್ನು ಬಿಡಿಸಿ ಕೂತೆ.

ಹದಿನೇಳನೇ ಮನೆಯ ಮುಂದೆ ತಿಂಗಳು ತಿಂಗಳೂ ಅಪ್ಪನ ಮುದ್ದಾದ ಅಕ್ಷರ: "ಬಾ.ಮು." ಬಾಗಿಲು ಮುಚ್ಚಿದೆ ಎಂದರ್ಥ. ಹಾಗೆ ಬರೆದರೆ ಮೀಟರ್ ನೋಡಬೇಕಿಲ್ಲ, ಅಂದಾಜಿನ ಬಿಲ್ ಹೋಗುತ್ತದೆ.

ಹೋಗಿ ನೋಡಿದರೆ ಬಾಗಿಲು ಹಾರು ಹೊಡೆದಿತ್ತು. ಅಜ್ಜಿಯೊಬ್ಬಳು ಹೊಸ್ತಿಲಲ್ಲಿ ಬಟಾಣಿ ಸುಲಿಯುತ್ತಿದ್ದಳು.

"ಮೀಟರ್ ನೋಡೋಕೆ ಯಾರೂ ಬರ್ತಿರಲಿಲ್ವಾ ಅಜ್ಜಿ?"

"ನಮ್ಮ ನಾಯಿ ಒಂದ್ಸಲ ಅಟ್ಟಿಸ್ಕೊಂಡು ಹೋಯ್ತು. ಆಮೇಲೆ ಆ ಮನುಷ್ಯ ಈ ಕಡೆ ತಲೆ ಹಾಕಿಲ್ಲ. ನಾಯಿ ಸತ್ತೇ ಎಂಟು ವರ್ಷ ಆಯ್ತು."

ಮನೆಯ ನಲ್ಲಿಗಳೆಲ್ಲ ಮುಚ್ಚಿದ್ದರೂ ಮೀಟರ್ ಗಿರಗಿರ ತಿರುಗುತ್ತಿತ್ತು. ಕಬ್ಬಿಣದ ಕೋಲನ್ನು ನೆಲಕ್ಕೂರಿ ತುದಿಗೆ ಕಿವಿಯಿಟ್ಟೆ. ಒಳಗೆ ಹೊಳೆಯೇ ಹರಿಯುತ್ತಿತ್ತು. ಅಗೆಸಿದೆವು. ಒಡೆದ ಪೈಪಿನ ನೀರೆಲ್ಲ ಹಿತ್ತಲ ಹಾಳುಬಾವಿಯ ಪಾಲಾಗಿತ್ತು.

ಪೈಪ್ ಬದಲಾಯಿತು. ಮಾರನೆಯ ಬೆಳಿಗ್ಗೆ ನಮ್ಮ ನಲ್ಲಿ ಕೆಮ್ಮಿತು, ಕೆಂಪು ನೀರು ಕಾರಿತು, ಆಮೇಲೆ ತಿಳಿಯಾಗಿ ಸುರಿಯಿತು. ಅಮ್ಮ ಎರಡೂ ಕೈ ಒಡ್ಡಿ ನಿಂತುಬಿಟ್ಟಳು. ಹೆಮ್ಮೆಗೆ ನನಗೆ ಅಳುವೇ ಬಂತು.

"ಎಲ್ಲಿತ್ತೇ ಇಷ್ಟು ವರ್ಷ?" ಎಂದಳು.

ಅಪ್ಪನನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಅಮ್ಮನಿಗೆ ಸುಳ್ಳು ಹೇಳಲು ಬಾಯಿಲ್ಲ. "ಹದಿನೇಳನೇ ಮನೇಲಿ. ಪುಸ್ತಕದಲ್ಲಿ ಬಾ.ಮು. ಅಂತಿತ್ತು."

ಅಪ್ಪ ಪೇಪರಿನ ಹಿಂದಿನಿಂದ ಗೊಣಗಿದರು. "ಅಲ್ಲೊಂದು ನಾಯಿ ಇತ್ತು ಕಣೇ."

"ಅದು ಸತ್ತು ಎಂಟು ವರ್ಷ ಆಯ್ತಪ್ಪ," ಎಂದೆ. ತಡೆಯಲಾಗಲಿಲ್ಲ.

"ಸತ್ತ ನಾಯಿಗೆ ಹೆದರಿ ನನ್ನ ಮಂಡಿ ಸವೆಸಿದ್ರಾ?" ಅಮ್ಮ ತುಂಬಿದ ಕೊಡ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಚಿಲಕ ಹಾಕಿಕೊಂಡಳು.

ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಮೆಲ್ಲಗೆ ತಟ್ಟಿದರು. "ಒಂದು ಲೋಟ ನೀರು ಕೊಡೇ."

"ಬಾ.ಮು. ಅಂತ ಬರ್ಕೊಳ್ಳಿ!" ಒಳಗಿನಿಂದ ಉತ್ತರ ಬಂತು.