ಹೊಲಿಗೆ ಇಲ್ಲದ ಹೊಟ್ಟೆ

ಬೆರಳಿಗೆ ಹತ್ತಿದ ಹೊಗೆಸೊಪ್ಪಿನ ಜಿಡ್ಡು ಎಷ್ಟು ಉಜ್ಜಿದರೂ ಬಿಡುತ್ತಿರಲಿಲ್ಲ. ಉಷಾರಾಣಿ ಹುಣಸೆಹಣ್ಣು ಹಚ್ಚಿ ಸತ್ತ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ತಿಕ್ಕುತ್ತಿದ್ದಳು.

"ಬುಡವ್ವ, ಆ ಕರೆ ಅವಳ ಜೊತೇಲೇ ಹೋಗ್ಲಿ," ಎಂದಳು ಅತ್ತೆಯ ತಂಗಿ ಗುರುಸಿದ್ದಮ್ಮ.

ನಿನ್ನೆ ಸಂಜೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಕಡ್ಡಿಗೆ ಸೊಪ್ಪು ಕಟ್ಟುತ್ತ ಕೂತಿದ್ದ ಶಿವರುದ್ರಮ್ಮ ಎದೆ ಹಿಡಿದುಕೊಂಡವಳು, ಹುಣಸೂರು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು. ಹಿತ್ತಿಲಲ್ಲಿ ಸೀರೆ ಅಡ್ಡ ಕಟ್ಟಿ ಸ್ನಾನಕ್ಕೆ ಮರೆ ಮಾಡಿದ್ದರು. ನೆರೆಮನೆಯ ಪುಟ್ಟಲಕ್ಷ್ಮಿ ಬಿಸಿನೀರು ತಂದಿಟ್ಟಳು.

"ಉಷಕ್ಕ, ಸೋಮವಾರ ನಿಮ್ಮ ಆಪ್ರೇಸನ್ನಿತ್ತಲ್ವಾ?"

"ಅವ್ವನ ಕಾರ್ಯ ಕಳೀಲಿ ಅಂತಾರೆ."

"ತೆಗ್ಸಾಕ್ಬುಡಿ, ಪೀಡೆ ಕಳೀತದೆ. ನಾನು ಗರ್ಭಕೋಶ ತೆಗ್ಸಿದ್ದೂ ಈ ಅವ್ವ ತಾನೂ ತೆಗ್ಸಿದೀನಿ ಅಂತ ಕೊಟ್ಟ ಧೈರ್ಯದ ಮ್ಯಾಲೇ. ಆವತ್ತಿಂದ ಯಾಕೋ ಮೈಯೆಲ್ಲ ಉರಿ, ಅದೊಂದು ಬುಟ್ರೆ..." ಮಾತನ್ನು ಅಲ್ಲಿಗೇ ಬಿಟ್ಟು ಇನ್ನೊಂದು ಕೊಡಕ್ಕೆ ಹೋದಳು.

ಉಷಾ ಒದ್ದೆ ಸೀರೆ ಸರಿಸಿದಳು. ಕಿಬ್ಬೊಟ್ಟೆಯ ಮೇಲೆ ಬಸಿರಿನ ಬಿಳಿ ಗೆರೆಗಳಿದ್ದವು. ಹೊಲಿಗೆ ಇರಲಿಲ್ಲ. ಗೇಣುದ್ದ ಕೊಯ್ದರು ಎಂದು ಊರಿಗೆಲ್ಲ ಬೆರಳಗಲಿಸಿ ತೋರಿಸುತ್ತಿದ್ದವಳ ಹೊಟ್ಟೆಯಲ್ಲಿ ಒಂದು ಗೀಟೂ ಇರಲಿಲ್ಲ.

ಗುರುಸಿದ್ದಮ್ಮ ತಟ್ಟನೆ ಬಟ್ಟೆ ಎಳೆದು ಮುಚ್ಚಿದಳು.

*

ಹೋದ ವಾರದ ಮಾತು. ತಿಂಗಳಲ್ಲಿ ಹದಿನೈದು ದಿನ ರಕ್ತ ಸುರಿದು ಉಷಾಳ ಮುಖ ಸುಣ್ಣವಾಗಿತ್ತು. ಮೂವತ್ತೈದೂ ತುಂಬಿರಲಿಲ್ಲ. ಸ್ಕ್ಯಾನ್ ನೋಡಿದ ನರ್ಸಿಂಗ್ ಹೋಮಿನ ಡಾಕ್ಟರು ಅಡಿನೋಮಯೋಸಿಸ್ ಎಂದರು, ಗರ್ಭಕೋಶದ ಗೋಡೆ ಊದಿದೆ, ತೆಗೆದುಬಿಡೋಣ ಎಂದರು. ಗಂಡ ಬಸವಪ್ರಸಾದ ಅಲ್ಲೇ ದಿನ ಗೊತ್ತು ಮಾಡಿ ಬಂದ.

"ಇನ್ನೊಬ್ಬ ಡಾಕ್ಟ್ರಿಗೆ ತೋರ್ಸಿದ್ರೆ ಒಳ್ಳೇದು ಕಣವ್ವ," ಎಂದಿದ್ದಳು ಅತ್ತೆ, ಬ್ಯಾರನ್ ಮುಂದೆ ಸೊಪ್ಪು ಕಟ್ಟುತ್ತ.

"ನೀವು ತೆಗ್ಸಿ ಗುಂಡುಕಲ್ಲಂಗಿಲ್ವಾ? ನಂಗ್ಮಾತ್ರ ಯಾಕೆ ಬ್ಯಾಡ?"

ಶಿವರುದ್ರಮ್ಮ ಬಾಯಿ ತೆರೆದಳು. ಆಚೆ ರಾಶಿಯ ಹತ್ತಿರ ಪುಟ್ಟಲಕ್ಷ್ಮಿ ಸೊಪ್ಪು ಜೋಡಿಸುತ್ತ ಕೂತಿದ್ದಳು. ಅವಳ ಕಡೆ ಒಮ್ಮೆ ನೋಡಿ, ಶಿವರುದ್ರಮ್ಮ ಮತ್ತೆ ಕಡ್ಡಿಗೆ ದಾರ ಸುತ್ತತೊಡಗಿದಳು. ಬಿಗಿದ ರಭಸಕ್ಕೆ ಎಲೆಯ ತೊಟ್ಟು ಕತ್ತರಿಸಿಹೋಯಿತು.

*

ಗಂಡಸರು ಹೆಣವನ್ನು ಬಿದಿರು ಕಟ್ಟಿದ ಹೂವಿನ ವಿಮಾನದಲ್ಲಿ ಕೂರಿಸಿ ಕಟ್ಟುವಾಗ ಉಷಾ ಗುರುಸಿದ್ದಮ್ಮನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದಳು.

"ಚಿಕ್ಕತ್ತೆ, ಹೊಲಿಗೆ ಎಲ್ಲಿ?"

"ತೆಗ್ಸಿದ್ರೆ ತಾನೆ ಇರಕ್ಕೆ?" ಗುರುಸಿದ್ದಮ್ಮ ಗೋಡೆಗೆ ಒರಗಿದಳು. "ಅವಳಿಗೂ ನಿನ್ನಂಗೇ ರಕ್ತ ಹೋಯ್ತಿತ್ತು. ಮೈಸೂರಿನ ಡಾಕ್ಟ್ರಮ್ಮ, ಇದು ಕ್ಯಾನ್ಸರ್ ಅಲ್ಲ, ಮಾತ್ರೆ ಅದೆ, ಗರ್ಭಕೋಶದೊಳಗೆ ಕೂರ್ಸೋ ಔಷಧಿ ವಂಕಿ ಅದೆ, ಯಾವ್ದೂ ಹಿಡೀದಿದ್ರೆ ತೆಗ್ಯೋದು ಇದ್ದೇ ಅದೆ ಅಂದ್ರು. ವಂಕಿ ಹಾಕ್ಸಿದ್ಲು, ನಿಧಾನಕ್ಕೆ ಹಿಡೀತು. ಆಮ್ಯಾಲೆ ವಯಸ್ಸಾಯ್ತು, ಮುಟ್ಟು ತಾನೇ ನಿಂತೋಯ್ತು."

"ಮತ್ಯಾಕೆ ಹಂಗಂದ್ರು?"

"ಅವಳ ಅತ್ತೇನ ನೀ ನೋಡಿಲ್ಲ. ವಂಕಿ ಅಂದಿದ್ರೆ ಮಾರ್ನೆ ದಿನವೇ ಬ್ಯಾರನ್ನಿಗೆ ಸೌದೆ ಹೊರ್ಸೋರು. ತೆಗ್ಸಿದ್ಲು ಅಂದ್ರೆ ಊರೋರೇ ಭಾರ ಎತ್ಬ್ಯಾಡ ಅಂತಾರಲ್ಲ. ಮದ್ವೆ ಆದ್ಮ್ಯಾಲೆ ಮೈ ಚಾಚಿ ಮಲಗಿದ್ದು ಅಂದ್ರೆ ಆಗ ನಮ್ಮನೇಲೇ ಕಣವ್ವ. ಯಾರಾದ್ರೂ ನೋಡಕ್ಕೆ ಬಂದ್ರೆ ಹೊಟ್ಟೆ ಹಿಡ್ಕೊಂಡು ಮುಲುಗೋಳು. ಅವರು ಅತ್ಲಾಗೋದ್ರೆ ಇಬ್ರೂ ಬಾಯಿಗೆ ಸೆರಗು ತುರುಕ್ಕೊಂಡು ನಗ್ತಿದ್ವಿ."

"ನಂಗಾದ್ರೂ ಹೇಳ್ಬೋದಿತ್ತಲ್ಲ?"

"ನಿಂಗೆ ಹೇಳಿ, ಪುಟ್ಟಲಕ್ಷ್ಮಿಗೆ ಏನು ಹೇಳೋಳು?"

*

ಹೊಲದ ಅಂಚಿನ ಗುಂಡಿಯಲ್ಲಿ ಶಿವರುದ್ರಮ್ಮನನ್ನು ಕೂರಿಸಿದರು. ಉಷಾ ಒಂದು ಹಿಡಿ ವಿಭೂತಿ ಹಾಕಿದಳು. ಬಗ್ಗಿ ಏಳುವಾಗ ಕಣ್ಣು ಕತ್ತಲೆ ಬಂತು; ಪುಟ್ಟಲಕ್ಷ್ಮಿ ತೋಳು ಹಿಡಿದಳು. ಆ ಕೈ ಬೆಂಕಿಯಂತೆ ಬಿಸಿಯಿತ್ತು. ಉಷಾ ಅವಳ ಮುಖ ನೋಡಲಾರದೆ ಮಣ್ಣನ್ನೇ ನೋಡುತ್ತ ನಿಂತಳು.

ಮನೆಗೆ ಬಂದಾಗ ಅಂಗಳದ ತುಂಬ ನೆಂಟರು. ಬಸವಪ್ರಸಾದ ಫೋನ್ ಹಿಡಿದು ಹತ್ತಿರ ಬಂದ. "ನರ್ಸಿಂಗ್ ಹೋಮಿನೋರು. ಕಾರ್ಯದ ಮಾರ್ನೆ ದಿನಕ್ಕೆ ಇಟ್ಕಳಿ ಅನ್ಲಾ?"

"ಬ್ಯಾಡ ಅನ್ನಿ. ಮೊದ್ಲು ಮೈಸೂರಲ್ಲಿ ತೋರ್ಸವ. ಮಾತ್ರೆಯೋ ವಂಕಿಯೋ, ಯಾವ್ದೂ ಆಗಕ್ಕಿಲ್ಲ ಅಂದ್ರೆ ಆಮ್ಯಾಲೆ ತೆಗ್ಸವ."

"ಅವ್ವ ತೆಗ್ಸಿರ್ಲಿಲ್ವಾ?"

ಉಷಾ ಹೊಟ್ಟೆ ಹಿಡಿದುಕೊಂಡಳು. "ನಂಗೆ ರಕ್ತ ಹೋಯ್ತಾ ಅದೆ. ಕಾಲು ನಿಲ್ತಿಲ್ಲ. ಮಲಗ್ತೀನಿ," ಎಂದಳು, ನಾಲ್ಕು ಜನಕ್ಕೆ ಕೇಳಿಸುವಂತೆ.

"ಇಷ್ಟು ಜನ ಬಂದವ್ರೆ ಕಣೆ, ಈಗ್ಲಾ?"

ಅವಳು ಆಗಲೇ ಒಳಗೆ ನಡೆದಿದ್ದಳು. ಸತ್ತವಳ ಹಾಸಿಗೆಯನ್ನು ಆಚೆ ಹಾಕಿದ್ದರು, ಬರೀ ಮಂಚ ಉಳಿದಿತ್ತು. ಮಂಡಿ ಮಡಚಿ ಅದರ ಮೇಲೆ ಮಲಗಿದಳು. ಅಡುಗೆಮನೆಯಿಂದ ಯಾರೋ ಕೂಗಿದರು: "ಸೊಸೆ ಎಲ್ಲಿ? ಹಾಲಿನ ಪಾತ್ರೆ ಎಲ್ಲಿಟ್ಟವ್ಳೆ?"

ಗುರುಸಿದ್ದಮ್ಮ ಬಂದು ಹೊಸ್ತಿಲ ಮೇಲೆ ಕೂತಳು. ಎಲೆಯಡಿಕೆ ಚೀಲ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಒಳಗೆ ಯಾರೂ ಕಾಲಿಡದ ಹಾಗೆ, ಎರಡೂ ಕಾಲನ್ನು ಬಾಗಿಲಿಗೆ ಅಡ್ಡಲಾಗಿ ಚಾಚಿದಳು.