ಬಿಂದುಮಾಧವರ ಬೆರಳಿನ ಅಳತೆ

ಸಿತಾರ ನುಡಿಸುವವರು ತೋರುಬೆರಳಿಗೆ ಸಿಕ್ಕಿಸಿಕೊಳ್ಳುವ ತಂತಿಯ ಉಗುರಿಗೆ ಮಿಜರಾಬು ಎನ್ನುತ್ತಾರೆ. ಧಾರವಾಡದಲ್ಲಿ ಅದನ್ನು ಬೆರಳು ನೋಡಿ ಬಾಗಿಸಿ ಕೊಡುವವನು ಗೌಸಮೊದ್ದೀನನೊಬ್ಬನೇ. ಗಿರಾಕಿಯ ಬೆರಳಿಗೆ ದಾರ ಸುತ್ತಿ ಗಂಟು ಹಾಕುತ್ತಿದ್ದ. ಆ ಗಂಟಿನ ಅಳತೆಗೆ ಉಕ್ಕಿನ ತಂತಿ ಬಾಗಿಸುತ್ತಿದ್ದ. ಊರಿನ ಹಿರಿಯ ಸಿತಾರವಾದಕ ಬಿಂದುಮಾಧವ ಮಾಸ್ತರರಿಗೆ ಮಾತ್ರ ದಾರ ಬೇಕಿರಲಿಲ್ಲ. ಆ ಬೆರಳು ಅವನ ಕೈಗೇ ಬಾಯಿಪಾಠವಾಗಿತ್ತು.

ಮಾಸ್ತರರು ತೀರಿಕೊಂಡರು ನೋಡಿ, ನಲವತ್ತು ವರ್ಷ ತಪ್ಪದ ಕೈ ತಪ್ಪತೊಡಗಿತು. ತಪ್ಪು ಅಂದರೆ ಎಂಥ ತಪ್ಪು! ಯಾರ ದಾರ ಹಿಡಿದು ಬಾಗಿಸಿದರೂ ಮಿಜರಾಬು ಮಾಸ್ತರರ ದಪ್ಪ ಬೆರಳಿನ ಅಳತೆಗೇ ಬರುತ್ತಿತ್ತು. ಇಕ್ಕಳ ಬದಲಿಸಿದ, ಕನ್ನಡಕ ಬದಲಿಸಿದ. ಹೆಂಡತಿ ತಾಜಬಿ ದರ್ಗಾದಿಂದ ತಾಯಿತ ತಂದು ಕಟ್ಟಿದಳು. ಏನೂ ಉಪಯೋಗವಾಗಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಆನ್‌ಲೈನ್ ಹಿಡಿದರು.

ಕಾರಣ ಅವನಿಗೆ ಗೊತ್ತಿತ್ತು, ಹೇಳಲು ಬಾಯಿ ಬರುತ್ತಿರಲಿಲ್ಲ. ಮಾಸ್ತರರು ಮುಂಬಯಿಯಿಂದ ಮಿಜರಾಬು ತರಿಸಿದ್ದಾರೆ ಎಂಬ ಸುದ್ದಿ ಹೋದ ವರ್ಷ ಕಿವಿಗೆ ಬಿದ್ದಿತ್ತು. ನನ್ನ ಕೈಯದು ಸಾಲದಾಯಿತೇ ಎಂದು ಹೊಟ್ಟೆ ಉರಿಯಿತು. ಒಂದು ಸಂಗೀತ ಬೈಠಕ್ಕಿನ ಹಿಂದಿನ ದಿನ ಅವರು ಹೊಸದು ಕೇಳಲು ಬಂದಾಗ ಬೇಕೆಂದೇ ಕೂದಲೆಳೆಯಷ್ಟು ಸಡಿಲು ಬಾಗಿಸಿ ಕೊಟ್ಟ. ನುಡಿಕೆ ರಂಗೇರಿದಾಗ ಅದು ಬೆರಳಿಂದ ಹಾರಿ ಜನರ ನಡುವೆ ಬಿತ್ತು. ಯಾರೋ ನಕ್ಕರು. ಮಾಸ್ತರರು ಮತ್ತೆ ಸಿತಾರ ಮುಟ್ಟಲಿಲ್ಲ. ಆರು ತಿಂಗಳಲ್ಲಿ ಹೋಗಿಯೇಬಿಟ್ಟರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಒಂದು ಮಧ್ಯಾಹ್ನ ಮಾಸ್ತರರ ಹೆಂಡತಿ ಅಂಬಾಬಾಯಿ, ಮೊಮ್ಮಗಳು ಸಾನ್ವಿಯ ಕೈ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದರು.

"ಗೌಸಣ್ಣಾ, ಅಜ್ಜನ ಸಿತಾರ ಈಕಿ ಹಿಡದಾಳ. ಬಟ್ಟು ನೋಡಿ ಒಂದು ಮಿಜರಾಬು ಮಾಡಿಕೊಡ್ರಿ."

ಕಡ್ಡಿಯಂಥ ಬೆರಳಿಗೆ ದಾರ ಸುತ್ತಿದ, ಬಾಗಿಸಿದ. ದೊಡ್ಡದಾಯಿತು. ಮತ್ತೊಂದು, ಅದೂ ಹಾಗೇ. ಮೂರನೆಯದನ್ನು ಅಂಬಾಬಾಯಿ ಎತ್ತಿ ಬೆಳಕಿಗೆ ಹಿಡಿದರು.

"ಇದು ನಮ್ಮವರ ಬಟ್ಟಿನ ಅಳತಿ!"

"ಹೌದ್ರಿ ಬಾಯಾರ. ಅವರು ಇನ್ನೂ ನನ್ನ ಕೈ ಬಿಟ್ಟಿಲ್ಲ. ಅವತ್ತ ನಾನ ಬೇಕಂತ ಸಡಲ ಮಾಡಿ ಕೊಟ್ಟಿದ್ದೆ. ಅವರನ್ನ ಕೊಂದಾಂವ ನಾನರಿ." ಗೌಸಮೊದ್ದೀನ ಮಗುವಿನ ಎದುರೇ ಬಿಕ್ಕಿ ಅತ್ತ.

ಅಂಬಾಬಾಯಿ ಆ ಮಿಜರಾಬನ್ನು ಅಂಗೈಯಲ್ಲಿಟ್ಟುಕೊಂಡರು.

"ಅವರಿಗೆ ಗೊತ್ತಿತ್ತು," ಎಂದರು. "ಮನ್ಯಾಗ ಹಾಕ್ಕೊಂಡು ನೋಡಿದಾಗನ ಅಂದ್ರು, ಗೌಸ ಸಿಟ್ಟಿಗೆದ್ದಾನ ಅಂತ. ಮುಂಬಯಿದು ಯಾರೋ ಶಿಷ್ಯಾ ತಂದು ಕೊಟ್ಟಿದ್ದು, ಕಿಸೆದಾಗ ಇತ್ತು. ಅದನ್ನರ ಹಾಕ್ಕೋರಿ ಅಂದೆ. ಬ್ಯಾಡ, ಅಂವ ಮುಂದಿನ ಸಾಲಿನ್ಯಾಗ ಕೂತಿರ್ತಾನ, ಬ್ಯಾರೆದು ಕಂಡ್ರ ಅವನ ಮನಸ್ಸು ಒಡಿತದ ಅಂದ್ರು."

ಗೌಸಮೊದ್ದೀನ ಕಣ್ಣೊರೆಸಿಕೊಂಡ. ನಾಲ್ಕನೆಯ ತಂತಿ ಬಾಗಿಸಿದ. ಅದು ಸಾನ್ವಿಯ ಬೆರಳಿಗೆ ಸರಿಯಾಗಿ ಕೂತಿತು. ದೊಡ್ಡವು ಮೂರನ್ನೂ ಅಂಬಾಬಾಯಿ ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು.

ಆಮೇಲೆ ಕೈ ತಪ್ಪಲಿಲ್ಲ. ಗಿರಾಕಿಗಳೂ ತಿರುಗಿ ಬಂದರು. ಮಾಸ್ತರರ ವರ್ಷದ ದಿನ ಹತ್ತಿರವಾದಾಗ, ಅವರ ಫೋಟೋದ ಮುಂದಿಡಲು ಒಂದಾದರೂ ಸರಿಯಾದ ಮಿಜರಾಬು ಮಾಡೋಣವೆಂದು ಗೌಸಮೊದ್ದೀನ ಇಕ್ಕಳ ಹಿಡಿದು ಕೂತ. ಹತ್ತು ತಂತಿ ಬಾಗಿಸಿದ. ಹಾಳಾದ ಕೈ! ಒಂದೂ ಆ ಬೆರಳಿನದಾಗಲಿಲ್ಲ.

"ಖರೇನ ಹೋಗಿಬಿಟ್ರಲ್ಲರಿ, ಮಾಸ್ತರ," ಎಂದು ಇಕ್ಕಳ ಕೆಳಗಿಟ್ಟ.