ಹೆಪ್ಪುಗಟ್ಟಿದ ಮಣ್ಣು

“ನೀನು ಅಗೀತೀಯಾ, ಇಲ್ಲಾ ನಾನೇ ಅಗೀಲಾ?”

ವ್ಯಾನಿನಿಂದ ಒಂದು ಪಿಕಾಸಿ, ಒಂದು ಸಲಿಕೆ ಎಳೆದು ವಿನಿ ರಸ್ತೆಗೆ ಬಿಸಾಕಿದಳು. ಲಿವರ್‌ಪೂಲಿನ ಆ ಸ್ಮಶಾನದ ಗೇಟಿನ ಮುಂದೆ, 1979ರ ಆ ಚಳಿಯಲ್ಲಿ, ಗುಂಡಿ ತೋಡುವವರ ಮುಷ್ಕರ ನಡೆದಿತ್ತು. ಡಬ್ಬದ ಬೆಂಕಿಗೆ ಕೈ ಕಾಯಿಸುತ್ತಿದ್ದವರು ಹಿಂದೆ ಸರಿದರು. ಅವರಲ್ಲೊಬ್ಬನಾದ ಅವಳ ತಮ್ಮ ಡೆಸ್ಮಂಡ್ ಮಾತ್ರ ನಿಂತಲ್ಲೇ ನಿಂತ. ಅಮ್ಮ ಸತ್ತು ವಾರವಾಗಿತ್ತು. ಹೂಳುವವರಿಲ್ಲದೆ ಅವಳ ಶವಪೆಟ್ಟಿಗೆ ಬೇರೆ ಪೆಟ್ಟಿಗೆಗಳ ಜೊತೆ ಊರಾಚೆಯ ಪಾಳು ಕಾರ್ಖಾನೆಯಲ್ಲಿತ್ತು.

“ಮನೆಗೆ ಹೋಗಕ್ಕಾ. ಮುಷ್ಕರ ಮುಗೀಲಿ. ಮೊದಲ ಗುಂಡಿ ಅಮ್ಮಂದೇ.”

“ಅಮ್ಮನೇನು ಅಲ್ಲಿ ಕ್ಯೂ ನಿಂತಿದಾಳಾ?”

ಯೂನಿಯನ್ನಿನ ಮುಂದಾಳು ಸಿಡ್ ಮುಂದೆ ಬಂದ. “ತಾಯಿ ನನಗೂ ಇದಾಳಮ್ಮಾ. ಇವತ್ತು ಡೆಸ್ ತಾಯಿಗೆ ಗೇಟು ಬಿಟ್ರೆ ನಾಳೆ ಎಲ್ಲರ ತಾಯಿಗೂ ಬಿಡಬೇಕು. ಆಮೇಲೆ ನಮ್ಮ ಮಾತು ಕೇಳೋರ್ಯಾರು? ನಿಮ್ಮ ಕ್ಯಾಲಹನ್ನಾ?”

ಆ ಹೆಸರಿಗೆ ವಿನಿಯ ಮೈ ಉರಿಯಿತು. ಪ್ರಧಾನಿ ಕ್ಯಾಲಹನ್ ಅಂದರೆ ಅಮ್ಮನಿಗೆ ಮನೆಮಗ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಯೂನಿಯನ್ ಕೆಲಸದಿಂದಲೇ ಮೇಲೆ ಬಂದವನು. ಹತ್ತು ವರ್ಷದ ಹಿಂದೆ ಯೂನಿಯನ್ನುಗಳಿಗೆ ಮೂಗುದಾರ ಹಾಕಲು ಸರ್ಕಾರ ಹೊರಟಾಗ, ಅದೇ ಸರ್ಕಾರದ ಮಂತ್ರಿಯಾಗಿದ್ದೂ ಅಡ್ಡ ನಿಂತವನು. ಈಗ ಅವನೇ ಸಂಬಳದ ಏರಿಕೆಗೆ ಕಡಿವಾಣ ಹಾಕಿದ್ದ. ಬಿಸಿಲ ದ್ವೀಪವೊಂದರಲ್ಲಿ ದೊಡ್ಡ ದೇಶಗಳ ನಾಯಕರ ಸಭೆ ಮುಗಿಸಿ ಬಂದಿಳಿದು, ದೇಶದಲ್ಲಿ ಅಂಥ ಗೊಂದಲವೇನೂ ತನಗೆ ಕಾಣುತ್ತಿಲ್ಲ ಎಂಬಂತೆ ಮಾತಾಡಿದ್ದ. ಆಸ್ಪತ್ರೆಯ ಹಾಸಿಗೆಯಲ್ಲಿ ಅದನ್ನು ಕೇಳಿದ ಅಮ್ಮ, “ಪಾಪ, ದಣಿದಿದಾನೆ” ಎಂದಿದ್ದಳು.

“ಆ ಮನುಷ್ಯನ್ನ ನೀವೇ ಕೆಳಗಿಳಿಸ್ತೀರಿ,” ಎಂದಳು ವಿನಿ. “ಬೇಸಿಗೆ ಬರೋದ್ರೊಳಗೆ ಆ ಥ್ಯಾಚರಮ್ಮ ಬಂದು ಕೂರ್ತಾಳೆ. ನಿಮ್ಮ ಗೇಟು, ನಿಮ್ಮ ಬೆಂಕಿ, ಎಲ್ಲಾ ಅವಳೇ ನೋಡ್ಕೊಳ್ತಾಳೆ.”

ಸಿಡ್ ಗೇಟಿಗೆ ಅಡ್ಡವಾಗಿ ಕೈ ಚಾಚಿದ. ವಿನಿ ಪಿಕಾಸಿ ಹೆಗಲಿಗೇರಿಸಿ ನೇರ ನಡೆದಳು. ಅವನ ಕೈ ತಾನಾಗಿಯೇ ಇಳಿಯಿತು.

ಡೆಸ್ಮಂಡ್ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ರಸ್ತೆಯಾಚೆ ಗೋಡೆಗೊರಗಿದ್ದ ಲ್ಯಾಥಮ್ ಕಣ್ಣಿಗೆ ಬಿದ್ದ. ತೀರಿಕೊಂಡ ಹೆಂಡತಿಯ ಗುಂಡಿಗಾಗಿ ಮೊನ್ನೆ ಕೈಮುಗಿಯುವುದೊಂದು ಬಾಕಿಯಿಟ್ಟು ಬೇಡಿಕೊಂಡವನು. “ಎಲ್ಲರಿಗೂ ಒಂದೇ ನಿಯಮ ಯಜಮಾನ್ರೇ” ಎಂದು ಅವನನ್ನು ವಾಪಸು ಕಳಿಸಿದ್ದು ಡೆಸ್ಮಂಡನೇ. ಇಟ್ಟ ಹೆಜ್ಜೆ ಅಲ್ಲೇ ಕೀಲಿಸಿದಂತಾಯಿತು.

ಲ್ಯಾಥಮ್ ರಸ್ತೆ ದಾಟಿ ಬಂದ. ಯಾರ ಮುಖವನ್ನೂ ನೋಡದೆ ಸಲಿಕೆ ಎತ್ತಿಕೊಂಡು ವಿನಿಯ ಹಿಂದೆ ಒಳಗೆ ಹೋದ.

ಅಪ್ಪನ ಗೋರಿಕಲ್ಲಿನ ಪಕ್ಕ ನೆಲ ಹೆಪ್ಪುಗಟ್ಟಿತ್ತು. ಪಿಕಾಸಿ ಠಣ್ಣೆಂದು ಪುಟಿದು, ವಿನಿ ಮುಗ್ಗರಿಸಿದಳು. ಮತ್ತೆ ಎತ್ತಿದಳು, ಮತ್ತೆ ಪುಟಿಯಿತು. ಡೆಸ್ಮಂಡ್ ಹೊರಗಿನಿಂದಲೇ ಬೇಲಿಯ ಕಂಬಿ ಹಿಡಿದು ಕೂಗಿದ.

“ಅಕ್ಕಾ, ನಡುವೆ ಹೊಡೀಬೇಡ! ಅಂಚಿನಿಂದ ಹುಲ್ಲು ಸಮೇತ ಎಬ್ಬಿಸು!”

“ಹೇಳಿಕೊಡೋದೂ ಕೆಲಸಾನೇ ಕಣೋ,” ಎಂದ ಸಿಡ್, ಕಿವಿಯ ಹತ್ತಿರ ಬಂದು.

“ನನ್ನ ಕೈ ಮುಷ್ಕರದಲ್ಲಿದೆ. ಬಾಯಿ ಅಲ್ಲ.”

ಸಿಡ್ ಅವನನ್ನು ದಿಟ್ಟಿಸಿದ. ಆಮೇಲೆ ಬೆನ್ನು ತಿರುಗಿಸಿ ರಸ್ತೆ ನೋಡುತ್ತ ನಿಂತ.

ವಿನಿ ತಿರುಗಿ ನೋಡಲಿಲ್ಲ. ಆದರೆ ಪಿಕಾಸಿ ಅಂಚಿಗೆ ಸರಿಯಿತು. ಸಂಜೆಯ ಹೊತ್ತಿಗೆ ಕಪ್ಪು ಮಣ್ಣು ಮೇಲೆ ಬರತೊಡಗಿತು. ಗುಂಡಿಯೊಳಗೆ ಲ್ಯಾಥಮ್‌ನ ಮೊಣಕಾಲು ಮರೆಯಾಯಿತು, ಆಮೇಲೆ ಸೊಂಟ. ಮೇಲೆ ನಿಂತ ವಿನಿ ಅವನ ಕೋಟನ್ನು ಮಡಿಸಿ, ಮಣ್ಣು ತಾಗದಂತೆ ಎದೆಗೆ ಅವಚಿ ಹಿಡಿದಿದ್ದಳು.